ಸತ್ಯಮಂಗಲದಲ್ಲಿ ನಾನು ಮಾಡುವ ವಸ್ತು

ಕೆಲಸದ ಮೊದಲ ದಿನ ನನ್ನ ಅಂಗೈಗೆ ಬಂದದ್ದು ಮಾವಿನ ವಾಟೆಯಷ್ಟು ದೊಡ್ಡದಾದ, ನಸುಗೆಂಪು ಬಣ್ಣದ ಒಂದು ವಸ್ತು. ಗುಂಡಿ ಒತ್ತಿದೆ, ಅದು ನಡುಗಿತು. ಹೆದರಿ ಟ್ರೇಗೆ ಹಾಕಿಬಿಟ್ಟೆ. ಪಕ್ಕದಲ್ಲಿದ್ದ ಸುಧಕ್ಕ ನಗಲಿಲ್ಲ. ಕುಣಿಗಲ್ ಕಡೆಯವರಾದ ಅವರು ಈ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಇದ್ದಾರೆ.

"ಹೊರದೇಶಕ್ಕೆ ಹೋಗೋ ಮಾಲು ಕಣಮ್ಮ. ಹೆಂಗಸ್ರು ಅವರವರ ಸುಖಕ್ಕೆ ಇಟ್ಕೋತಾರೆ. ಗಾಬರಿ ಯಾಕೆ? ಸದ್ದು ಜಾಸ್ತಿ ಬರುತ್ತಾ ಅಂತ ನೋಡು, ಅಷ್ಟು ಸಾಕು," ಎಂದರು.

ಸಿಂದಗಿಯ ಹತ್ತಿರದ ನಮ್ಮ ಹಳ್ಳಿ ಬಿಟ್ಟು ತುಮಕೂರಿಗೆ ಬಂದು ಆಗ ತಿಂಗಳೂ ಆಗಿರಲಿಲ್ಲ. ಗಂಡನಿಗೆ ಗುಬ್ಬಿಯಲ್ಲಿ ವೆಲ್ಡಿಂಗ್ ಕೆಲಸ, ನನಗೆ ಸತ್ಯಮಂಗಲದ ಈ ಸಿಲಿಕೋನ್ ಕಾರ್ಖಾನೆ, ಹತ್ತಿರದಲ್ಲೇ ಒಂದು ಕೋಣೆಯ ಬಾಡಿಗೆ ಮನೆ. ಊರಲ್ಲಿ ರೊಟ್ಟಿ ಅಗಿದು ಬೆಳೆದವಳು ಇಲ್ಲಿ ಮುದ್ದೆ ನುಂಗಲು ಕಲಿತೆ. ಇಲ್ಲಿ ಬಿಡು ಎನ್ನುವುದಕ್ಕೆ 'ಬುಡು' ಎನ್ನುತ್ತಾರೆ, ಸಮಾಧಾನಕ್ಕೂ ಅದೇ, ಬೇಸರಕ್ಕೂ ಅದೇ. ನಾನು ಕನ್ನಡದಲ್ಲೇ ಮಾತಾಡಿದರೂ "ಯಾವೂರಮ್ಮ ನಿಮ್ದು?" ಎಂದು ಕೇಳುತ್ತಾರೆ. ಅಂಥ ದಿನ ಅಳು ಬರುತ್ತಿತ್ತು.

ಏನು ಮಾಡುತ್ತೇನೆಂದು ಗಂಡನಿಗೆ ಹೇಳಲಾಗಲಿಲ್ಲ. ಬೆನ್ನುನೋವಿನ ಯಂತ್ರ ಎಂದೆ. ಇದು ನನ್ನ ಜೀವನದ ಮೊದಲ ಕೆಲಸ, ನಿಜ ತಿಳಿದರೆ ಬಿಡಿಸಿಬಿಡುತ್ತಾರೆ ಎಂಬ ಭಯ.

ಊರಿನ ಹೆಂಗಸರು ಇಂಥ ಮಾತನ್ನು ಕಿವಿಯ ಮೇಲೂ ಹಾಕಿಕೊಳ್ಳುವುದಿಲ್ಲ. ಇಲ್ಲಿಯವರು ಊಟದ ಡಬ್ಬಿ ಬಿಚ್ಚುತ್ತಲೇ ಯಾವುದರ ಮೋಟರು ಮೆತ್ತಗಿದೆ ಎಂದು ಚರ್ಚಿಸುತ್ತಾರೆ, ಗೇಟು ದಾಟಿದ ಮೇಲೆ ತುಟಿ ಬಿಚ್ಚುವುದಿಲ್ಲ. ಇದು ನಾಚಿಕೆಗೇಡೋ, ಧೈರ್ಯವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ದಸರೆ ಬಂತು. ನಮ್ಮ ಕಡೆ ದಸರೆ ಎಂದರೆ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಡುವುದು. ಈ ಕಡೆ ಮೆಟ್ಟಿಲು ಕಟ್ಟಿ ಬೊಂಬೆ ಕೂರಿಸುತ್ತಾರೆ. ಆಯುಧಪೂಜೆಗೆ ಮನೆಯವರನ್ನೂ ಕರೆತರಬೇಕೆಂದು ಕಾರ್ಖಾನೆಯಲ್ಲಿ ಹೇಳಿದಾಗ ನನ್ನ ಸುಳ್ಳು ಹೊರಬೀಳುವುದು ಖಚಿತ ಎನಿಸಿತು. ತಯಾರಿಸಿದ ಮಾಲಿಗೂ ಪೂಜೆ ಆಗಲೇಬೇಕೆಂದು ಸುಧಕ್ಕ ಮೆಟ್ಟಿಲಿನ ಮೇಲೆ ಹನ್ನೆರಡು ವರ್ಷದ ಎಲ್ಲ ಮಾದರಿಯ ಮಾಲನ್ನು ಬೊಂಬೆಗಳ ಹಾಗೆ ಜೋಡಿಸಿ, ಒಂದೊಂದಕ್ಕೂ ಕುಂಕುಮ ಇಟ್ಟಿದ್ದರು.

"ಮೇಲಿಂದು ನಾನು ಸೇರ್ದಾಗಿಂದು. ಗಟ್ಟಿ ಪ್ಲಾಸ್ಟಿಕ್ಕು, ನಾತ ಬೇರೆ, ಮಿಕ್ಸಿ ಥರ ಸದ್ದು. ಹೆಂಗಸ್ರ ಮನಸ್ಸು ತಿಳ್ಕೊಂಡು ಮಾಡಿದ್ದಲ್ಲ ಅದು. ಕೆಳಗಿಂದು ನೋಡು, ಮೈಗೆ ಒಗ್ಗುತ್ತೆ, ನೀರಲ್ಲಿ ತೊಳೀಬೋದು, ಮೊಬೈಲ್ ಥರ ಚಾರ್ಜ್ ಹಾಕ್ಬೋದು," ಎಂದು, ನನ್ನ ಗಂಡ ಒಳಗೆ ಬರುವ ಮೊದಲು ನನಗೆ ಹೆಮ್ಮೆಯಿಂದ ತೋರಿಸಿದರು.

ಕೆಳಗಿನ ಸಾಲಿನವು ನುಣುಪು ಕಲ್ಲಿನಂತೆ, ಲಿಪ್‌ಸ್ಟಿಕ್ಕಿನಂತೆ ಇದ್ದವು. ನನ್ನ ಗಂಡ ಅವನ್ನು ನೋಡಿ ಕೈಮುಗಿದು ಮುಂದೆ ಸರಿದರು. ಹೊಸವಷ್ಟೇ ಇದ್ದಿದ್ದರೆ ನಾನು ಬಚಾವಾಗುತ್ತಿದ್ದೆ. ಮೇಲಿನ ಮೆಟ್ಟಿಲಿನ ಹಳೆಯದು ಮಾತ್ರ ಗಂಡಸಿನ ಅಂಗದ ಆಕಾರದಲ್ಲೇ ಇತ್ತು. ಮಂಗಳಾರತಿ ಆಗುವವರೆಗೂ ಅವರ ಕಣ್ಣು ಅದನ್ನು ಬಿಟ್ಟು ಕದಲಲಿಲ್ಲ.

ಮನೆಯ ದಾರಿಯಲ್ಲಿ ಅವರು ನನಗಿಂತ ಒಂದು ಹೆಜ್ಜೆ ಮುಂದೆ ನಡೆದರು. ಆಮೇಲೆ, "ಬೆನ್ನಿನ ಯಂತ್ರ ಅಂದಿದ್ದಿ," ಎಂದರು.

"ಸುಳ್ಳು ಹೇಳಿದ್ದೆ ರೀ."

"ಗಂಡ ಇಲ್ಲದವರು ತೊಗೋತಾರೇನು?"

"ಇದ್ದವರೂ ತೊಗೋತಾರಂತ."

ಅವರು ನಿಂತುಬಿಟ್ಟರು. ಕೆಲಸ ಬಿಡು ಎನ್ನುವ ಮಾತಿಗೆ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ಚಪ್ಪಲಿ ನೋಡುತ್ತ, ಬಹಳ ಸಣ್ಣ ದನಿಯಲ್ಲಿ ಕೇಳಿದರು: "ಮತ್ತ, ನನ್ನ ಕೂಡ ನಿನಗ ಸುಖ ಅದ ಏನು?"

ಮದುವೆಯಾಗಿ ಹದಿನಾರು ವರ್ಷ. ದಿನಕ್ಕೆ ನೂರಾರು ಪೀಸು ಪರೀಕ್ಷೆ ಮಾಡಿ ಪಾಸು, ಫೇಲು ಎನ್ನುವವಳು ಇದನ್ನು ಎಂದೂ ತೂಗಿ ನೋಡಿರಲಿಲ್ಲ.

"ಗೊತ್ತಿಲ್ರಿ," ಎಂದೆ. ಸುಳ್ಳಲ್ಲ, ನನಗೆ ನಿಜವಾಗಿ ಗೊತ್ತಿರಲಿಲ್ಲ.

ಊರಲ್ಲಿದ್ದರೆ ಅವರು ಹೀಗೆ ಕೇಳುತ್ತಲೇ ಇರಲಿಲ್ಲ. ಕೇಳಿದ್ದರೂ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಇಲ್ಲಿ ಬೀದಿಯಲ್ಲಿ ಅವರೆದುರು ನಿಂತೇ ಇದ್ದೆ, ಎತ್ತ ಹೋಗಬೇಕೆಂದು ತಿಳಿಯದೆ.