ಬಿಸಿಬೇಳೆಬಾತಿನ ಎರಡು ಪಟ್ಟಿ

ಸಿಡ್ನಿಯ ನಮ್ಮ ಕನ್ನಡ ಬಳಗದ ಅಧ್ಯಕ್ಷರನ್ನು ಜಗಳವಾಡಿ ಇಳಿಸಿದವನು ನಾನೇ. ಪ್ರತಿ ಪಿಕ್‌ನಿಕ್‌ಗೂ ನನಗೆ ಪೇಪರ್ ಪ್ಲೇಟ್ ತರಲು ಹೇಳುತ್ತಿದ್ದರು. ಬಿಸಿಬೇಳೆಬಾತ್ ಮಾಡಬಲ್ಲವನಿಗೆ ಇದೆಂಥ ಅವಮಾನ! ಇನ್ನು ಯಜಮಾನ ಬೇಡ, ಯಾರು ಏನು ತರುವುದೆಂದು ವಾಟ್ಸಾಪ್ ಗುಂಪಿನಲ್ಲೇ ಬರೆಯೋಣ, ಅಲ್ಲಿನ ಕೊನೆಯ ಪಟ್ಟಿಯನ್ನು ಕಾಪಿ ಮಾಡಿ, ನಿಮ್ಮ ಹೆಸರು ಮತ್ತು ಅಡುಗೆ ಸೇರಿಸಿ ಮತ್ತೆ ಹಾಕಿ, ಒಂದು ಅಡುಗೆ ಒಬ್ಬರಿಗೇ ಎಂದೆ.

ಮರುದಿನ ಕೆಲಸಕ್ಕೆ ಹೋಗಲು ವೆಸ್ಟ್‌ಮೀಡ್‌ನಲ್ಲಿ ಟ್ರೈನ್ ಹತ್ತಿ, ಏಳು ಹೆಸರಿದ್ದ ಪಟ್ಟಿಗೆ ನನ್ನ ಬಿಸಿಬೇಳೆಬಾತ್ ಸೇರಿಸಿದೆ. ಅದೇ ಕ್ಷಣ ನಮ್ಮ ಬಳಗದ ರೋಸಿ ಆಂಟಿಯೂ ಅದೇ ಪಟ್ಟಿಗೆ ತಮ್ಮ ಬಿಸಿಬೇಳೆಬಾತ್ ಸೇರಿಸಿ ಹಾಕಿದರು. ಈಗ ಎರಡು ಪಟ್ಟಿ. ಕೆಲವರು ನನ್ನದನ್ನು ಕಾಪಿ ಮಾಡಿದರು, ಕೆಲವರು ಅವರದನ್ನು. ನಾನು ಫೋನಿಗೆ ಕನ್ನಡದಲ್ಲಿ ಬೈದೆ.

ಪಕ್ಕದ ಸೀಟಿನ ಅಪರಿಚಿತ ಹುಡುಗಿ ನಕ್ಕು, ಕನ್ನಡದಲ್ಲೇ ವಿಷಯವೆಲ್ಲ ಕೇಳಿಕೊಂಡಳು. “ಅಂಕಲ್, ನಾನು ಕೆಲಸ ಮಾಡೋದೇ ಬ್ಲಾಕ್‌ಚೈನ್‌ನಲ್ಲಿ, ಅಂದ್ರೆ ಡಿಜಿಟಲ್ ಹಣದ ಲೆಕ್ಕ ಇಡೋ ಪಟ್ಟಿ. ಅಲ್ಲೂ ಯಜಮಾನ ಇಲ್ಲ, ಎಲ್ಲರ ಹತ್ರಾನೂ ಅದೇ ಪಟ್ಟಿ ಇರುತ್ತೆ. ಎರಡಾದ್ರೆ ಯಾವುದು ಉದ್ದ ಬೆಳೆಯುತ್ತೋ ಅದೇ ನಿಜ ಅಂತ ಎಲ್ರೂ ಒಪ್ಕೋತಾರೆ.”

“ಹಾಗಾದ್ರೆ ನಾನೇ ಹತ್ತು ಸುಳ್ಳು ಹೆಸರು ಸೇರಿಸಿ ಉದ್ದ ಮಾಡ್ತೀನಿ.”

“ಅದಕ್ಕೇ ಅಲ್ಲಿ ಪಟ್ಟಿ ಬೆಳೆಸೋಕೆ ಕಂಪ್ಯೂಟರ್‌ಗಳು ಕಷ್ಟದ ಲೆಕ್ಕ ಬಿಡಿಸಿ, ಕರೆಂಟ್ ಸುಟ್ಟು ಬೆವರು ಸುರಿಸ್ಬೇಕು. ಮೋಸ ಮಾಡೋದು ತುಂಬಾ ದುಬಾರಿ. ನೀವು ಬಿಟ್ಟಿಯಾಗಿ ಮಾಡ್ಬಹುದು, ಆದ್ರೆ ಪಿಕ್‌ನಿಕ್‌ನಲ್ಲಿ ಎಲ್ರಿಗೂ ಮುಖ ತೋರಿಸ್ಬೇಕಲ್ಲ?”

ನಾನಿಳಿಯುವಷ್ಟರಲ್ಲಿ ರೋಸಿ ಆಂಟಿಯ ಪಟ್ಟಿ ಹದಿನೈದಕ್ಕೇರಿತ್ತು, ನನ್ನದು ಹತ್ತಕ್ಕೆ ನಿಂತಿತ್ತು. ನನ್ನ ಹೆಂಡತಿಯೂ ಮಜ್ಜಿಗೆಯನ್ನು ಅವರ ಪಟ್ಟಿಗೇ ಸೇರಿಸಿದ್ದಳು. ಅನ್ಯಾಯವೆಂದು ದೂರು ಕೊಡೋಣವೆಂದರೆ ಅಧ್ಯಕ್ಷರೇ ಇಲ್ಲ.

ಬಿಸಿಬೇಳೆಬಾತ್ ಆಗಲೇ ರೋಸಿ ಆಂಟಿಯ ಪಾಲಾಗಿತ್ತು; ಅವರ ಪಟ್ಟಿಯ ಕೊನೆಗೆ ನನ್ನ ಹೆಸರು ಬರೆದೆ: ಪೇಪರ್ ಪ್ಲೇಟ್.