ಅಮ್ಮಿನಬಾವಿಯ ಬಿಳಿ ಬೇವಿನ ಮರ

ಫೋಟೊ ತೆಗೆಯುವವರು ಎಳೆಬಿಸಿಲಿಗೆ ಹೊರಡುತ್ತಾರೆ. ನಾನು ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆ ಬಿಟ್ಟಾಗ ಹೊತ್ತು ಚೆನ್ನಾಗಿ ಏರಿತ್ತು. ಹೆಗಲಿಗೆ ಕ್ಯಾಮೆರಾ ಚೀಲ, ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು. ನಡುಮಧ್ಯಾಹ್ನದ ಉರಿಬಿಸಿಲಿಗೆ ಸರಿಯಾಗಿ ಅಮ್ಮಿನಬಾವಿ ಮುಟ್ಟಬೇಕೆಂಬುದೇ ನನ್ನ ಲೆಕ್ಕ. “ಮಂದಿ ನೆರಳು ಹುಡುಕೂ ಹೊತ್ತಿನ್ಯಾಗ ಇಂವ ಬಿಸಲು ಹುಡಕಾಕ ಹೊಂಟಾನ,” ಎಂದು ಅವ್ವ ನೀರಿನ ಬಾಟಲಿ ಕೈಗಿಟ್ಟಳು.

ಒಂದು ವರ್ಷದಿಂದ ನನಗೆ ಇನ್‌ಫ್ರಾರೆಡ್ ಫೋಟೊಗಳ ಹುಚ್ಚು. ಕಣ್ಣಿಗೆ ಕಾಣದ ಬೆಳಕನ್ನಷ್ಟೇ ಒಳಗೆ ಬಿಡುವ ಒಂದು ಕರಿ ಗಾಜನ್ನು ಲೆನ್ಸಿನ ಮುಂದೆ ತಿರುವಿ ಹಾಕಿ, ಬಂದ ಚಿತ್ರವನ್ನು ಕಪ್ಪು-ಬಿಳುಪು ಮಾಡಿದರೆ, ಎಲೆಗಳೆಲ್ಲ ಹಾಲಿನಂತೆ ಬೆಳ್ಳಗಾಗುತ್ತವೆ, ನೀಲಿ ಆಕಾಶ ಕರ್ರಗಾಗುತ್ತದೆ. ಮನೆಯವರು ನನ್ನ ಫೋಟೊಗಳಿಗೆ ‘ಹೂಕೋಸು’ ಎಂದು ಹೆಸರಿಟ್ಟಿದ್ದರು. ಎಲ್ಲರ ಧ್ವನಿ ಅಣಕಿಸಿ ನಗಿಸುವ ನನ್ನನ್ನು ಅಣಕಿಸಲು ಅವರಿಗೂ ಒಂದು ದಾರಿ ಬೇಕಿತ್ತಲ್ಲ.

ಆ ಹೂಕೋಸನ್ನು ಮೊದಲು ಮೆಚ್ಚಿದವಳು ಆಯಿ, ನನ್ನ ಅಪ್ಪನ ಅವ್ವ. ಆಕೆಯ ಕಣ್ಣಿನ ನಡುಭಾಗವೇ ಮಂಜಾಗಿದೆ. ಮೊಬೈಲಿನಲ್ಲಿ ಏನು ತೋರಿಸಿದರೂ, “ಎಲ್ಲಾ ಕಲಿಸಿದ ಅಂಬಲಿ ಕಂಡಂಗ ಕಾಣಸ್ತೈತಿ,” ಅನ್ನುತ್ತಾಳೆ. ಅಂಥವಳು ಒಂದು ದಿನ ಗೋಡೆಗೆ ನಾನು ಅಂಟಿಸಿದ್ದ ದೊಡ್ಡ ಫೋಟೊದ ಮುಂದೆ ನಿಂತು, “ಇಲ್ಲೊಂದ ಬೆಳ್ಳನ್ನ ಗಿಡ ಐತೇನೋ?” ಎಂದಳು. ಕಡುಕಪ್ಪಿನ ಪಕ್ಕ ಅಚ್ಚಬಿಳುಪಿದ್ದರೆ ಆಕೆಗೆ ಕಾಣುತ್ತಿತ್ತು!

“ಹಂಗಿದ್ರ ನನ್ನ ತವರಮನಿ ಬೇವಿನ ಗಿಡ, ಅದರ ಬುಡಕ ನನ್ನ ತಮ್ಮನ್ನ ಕುಂದ್ರಿಸಿ ತಕ್ಕೊಂಡ ಬಾ. ಇದ್ದ ಕಣ್ಣೂ ಹೋಗೂದ್ರಾಗ ಒಮ್ಮೆ ನೋಡತೇನಿ.” ಮೊಣಕಾಲಿನ ಆಪರೇಷನ್ ಆದ ಮೇಲೆ ಆಯಿ ಬಸ್ಸು ಹತ್ತಿಲ್ಲ. ಉಳಿದ ದೃಷ್ಟಿ ಎಷ್ಟು ದಿನವೆಂದು ಡಾಕ್ಟರೂ ಹೇಳಲಿಲ್ಲ.

ಹುಬ್ಬಳ್ಳಿಯಿಂದ ಧಾರವಾಡದವರೆಗೆ ತಂಪು ಬಸ್ಸಿನಲ್ಲಿ ದೊರೆಯಂತೆ ಹೋದೆ. ಅಲ್ಲಿ ಸವದತ್ತಿ ಕಡೆಯ ಬಸ್ಸು ಹತ್ತಿದ ಮೇಲೆ ದೊರೆತನ ಇಳಿಯಿತು. “ಹಿಂದ ಸರೀರಿ, ಹಿಂದ ಇನ್ನೊಂದ ಲಗ್ನಾ ಮಾಡೂವಷ್ಟ ಜಾಗಾ ಐತಿ!” ಎಂದು ಕಂಡಕ್ಟರ್ ಕೂಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದೇ ಮಾತನ್ನು ಅವರದೇ ಗಂಟಲಿನಲ್ಲಿ ನಾನು ಕೂಗಿದೆ. ಇಬ್ಬರು ಖರೇನೇ ಹಿಂದೆ ಸರಿದರು. ಕಂಡಕ್ಟರ್ ನನ್ನ ಹತ್ತಿರ ಬಂದು, “ಪಗಾರಾನೂ ನೀವ ತಗೋತೀರೇನ್ರಿ ಸಾಹೇಬ್ರ?” ಎಂದರು. ಸ್ಟ್ಯಾಂಡಿಗೂ ಟಿಕೆಟ್ ಬೇಕೇ ಎಂದು ಕೇಳಿದ್ದಕ್ಕೆ, “ಅದಕ್ಕ ನಿಮಗಿಂತ ಒಂದ ಕಾಲ ಹೆಚ್ಚೈತಿ, ಆದ್ರ ಬಾಯಿಲ್ಲ. ಪುಕ್ಕಟ ಬರ್ಲಿ,” ಎಂದು ಮುಂದೆ ಹೋದರು. ಹತ್ತು-ಹನ್ನೆರಡು ಕಿಲೋಮೀಟರ್ ದಾರಿ. ಎರಡೂ ಬದಿಗೆ ಎರೆಹೊಲ, ಮೊಣಕಾಲೆತ್ತರದ ಜೋಳ. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಮನಸ್ಸಿನಲ್ಲೇ ಸೂರ್ಯನಿಗೆ ಕೈಮುಗಿದೆ.

ಆಯಿಯ ತಮ್ಮ ಬಸಪ್ಪಜ್ಜ ಕಟ್ಟೆಯ ಮೇಲೆ ತಯಾರಾಗಿಯೇ ಕೂತಿದ್ದ. ಇಸ್ತ್ರಿ ಮಾಡಿದ ಧೋತರ, ಬಿಳಿ ರುಮಾಲು. ಹಿಂದೆ ಆಯಿಯ ಬೇವಿನ ಮರ. ಕರಿ ಗಾಜನ್ನು ಕೈಗೆ ತೆಗೆದುಕೊಂಡು ಕಣ್ಣಿಗೆ ಹಿಡಿದು ನೋಡಿದ.

“ಏನೂ ಕಾಣೂದಿಲ್ಲಲ್ಲೋ ಇದ್ರಾಗ.”

“ನನಗೂ ಕಾಣೂದಿಲ್ರಿ ಅಜ್ಜಾ. ಕ್ಯಾಮೆರಾಕ್ಕ ಅಷ್ಟ ಕಾಣಸ್ತೈತಿ.”

“ಮತ್ತ ನೀ ಯಾಕ ಬಂದಿ? ಅದನ್ನಷ್ಟ ಬಸ್ಸಿಗೆ ಹಾಕಿ ಕಳಸಬೇಕಿತ್ತು.”

ನನ್ನ ನಗಿಸುವ ಚಾಳಿ ಯಾವ ಮನೆತನದಿಂದ ಬಂದದ್ದೆಂದು ನನಗೆ ಅಲ್ಲಿ ಗೊತ್ತಾಯಿತು. ಗಾಜು ಹಾಕಿದರೆ ಏನೂ ಕಾಣದ್ದರಿಂದ, ಮೊದಲೇ ಚೌಕಟ್ಟು ನೋಡಿಕೊಂಡು ಆಮೇಲೆ ಅದನ್ನು ತಿರುವಬೇಕು. ಬೆಳಕು ಅಷ್ಟು ಕಡಿಮೆ ಒಳಗೆ ಬರುವುದರಿಂದ ಶಟರ್ ಅರ್ಧ ನಿಮಿಷ ತೆರೆದೇ ಇರಬೇಕು. ಅಷ್ಟು ಹೊತ್ತು ಅಲುಗಿದ್ದೆಲ್ಲ ಹೊಗೆಯಾಗುತ್ತದೆ. “ಅಜ್ಜಾ, ಕಲ್ಲಿನಂಗ ಕುಂದರ್ರಿ,” ಎಂದು ಗುಂಡಿ ಒತ್ತಿದೆ.

ಎದುರು ದಾರಿಯಲ್ಲಿ ಎತ್ತು ಹೊಡೆದುಕೊಂಡು ಒಬ್ಬರು ಬಂದರು. “ಬಸಪ್ಪಣ್ಣಾ, ಊಟಾ ಆತೇನ್ರಿ?”

ಅಜ್ಜನ ಬಲಗೈ ಮೇಲೆದ್ದಿತು. “ಆತ್ರಿ, ಬರ್ರಿ ಬರ್ರಿ, ಚಾ ಕುಡದ ಹೋಗ್ರಿ!”

“ಈಗರ ಆತ್ರಿ, ಮತ್ತ ಬರ್ತೇನಿ,” ಎಂದು, ಚಹಾ ಈಗಷ್ಟೇ ಕುಡಿದವರಂತೆ, ಅವರು ಹೋದರು. ಫೋಟೊವೂ ಅವರ ಜೊತೆಗೇ ಹೋಯಿತು.

ಎರಡನೆಯ ಸಲ ಹಾಲಿನ ಕ್ಯಾನು ಕಟ್ಟಿದ ಮೋಟರ್‌ಸೈಕಲ್. ಮತ್ತೆ ಕೈ, ಮತ್ತೆ ಚಹಾ, ಮತ್ತೆ “ಈಗರ ಆತ್ರಿ.” ಆ ಮಾತಿಗೆ ಆ ಉತ್ತರ, ಎರಡೂ ಕಡೆ ತಪ್ಪುವಂತಿಲ್ಲ. ಇನ್ನು ಉತ್ತರ ಕೊಡಬೇಡಿರೆಂದು ಬೇಡಿಕೊಂಡೆ.

“ಮಾತಾಡಿಸಿದಾಗ ನಾ ಕೈ ಎತ್ತಲಿಲ್ಲಂದ್ರ, ಸಂಜಿಕಿನ್ಯಾಗ ಬಸಪ್ಪಗ ಲಕ್ವಾ ಹೊಡೀತಂತ ಊರತುಂಬ ಸುದ್ದಿ. ಹಣ್ಣ ಹಿಡಕೊಂಡ ನೋಡಾಕ ಬರ್ತಾರ.”

ಅಷ್ಟರಲ್ಲಿ ಪಡುವಣ ಕಡೆ ಮೋಡದ ಒಂದು ಸಾಲು ಕಾಣಿಸಿತು. ಬಿಸಿಲು ಹೋದರೆ ಎಲೆಗಳ ಬಿಳುಪೂ ಹೋಗುತ್ತದೆ. ಆಯಿಗೆ ಕಾಣುವುದು ಮತ್ತೆ ಅಂಬಲಿಯೇ. ಆಗ ಬಸ್ಸಿನಲ್ಲಿ ಹಿಂದೆ ಸರಿದ ಆ ಇಬ್ಬರು ನೆನಪಾದರು.

ಮೂರನೆಯ ಸಲ ಗುಂಡಿ ಒತ್ತಿದೆ. ಬುಟ್ಟಿ ಹೊತ್ತ ಹೆಣ್ಣುಮಗಳೊಬ್ಬಳು, “ಊಟಾತೇನ್ರೀ ಯಜ್ಜಾ?” ಎಂದಳು. ಅಜ್ಜ ಬಾಯಿ ತೆರೆಯುವ ಮೊದಲೇ ಕ್ಯಾಮೆರಾದ ಹಿಂದಿನಿಂದ ಅಜ್ಜನ ಗೊಗ್ಗರು ಗಂಟಲಿನಲ್ಲಿ ನಾನು, “ಆತಬೇ, ಬಾ, ಚಾ ಕುಡದ ಹೋಗು!” ಎಂದೆ. “ಈಗರ ಆತ್ರಿ, ಮತ್ತ ಬರ್ತೇನಿ,” ಎಂದು ಆಕೆ ನಡೆದೇ ಹೋದಳು. ಅಜ್ಜ ಬೆರಗಿನಲ್ಲಿ ನಿಜಕ್ಕೂ ಕಲ್ಲಾಗಿದ್ದ. ಶಟರ್ ಮುಚ್ಚಿದ ಮೇಲೆಯೇ ನಕ್ಕ, ರುಮಾಲು ಬೀಳುವಷ್ಟು. “ನಾ ಸತ್ತಿಂದನೂ ಇಲ್ಲಿ ಬಂದ ಕುಂದರು. ಊರಾಗ ಯಾರಿಗೂ ಗೊತ್ತಾಗೂದಿಲ್ಲ.”

ಒಳಗೆ ಶಾಂತಾ ಅತ್ತಿ, ಅಜ್ಜನ ಸೊಸೆ, ಬಿಸಿರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು ಬಡಿಸಿದಳು. ಉಣ್ಣುತ್ತಿದ್ದಂತೆ ಹೊರಗೆ ಮೋಡ ಕವಿಯಿತು. ಅಷ್ಟು ಹೊತ್ತು ತಡೆದದ್ದಕ್ಕೆ ಮೋಡಕ್ಕೂ ಕೈಮುಗಿದೆ. ಹೊರಟಾಗ ಆಯಿಗೆಂದು ಅಜ್ಜ ಒಂದು ಬೇವಿನ ಎಸಳು ಮುರಿದು ನನ್ನ ಚೀಲಕ್ಕೆ ಸಿಕ್ಕಿಸಿದ. ಬಸ್ಸು ತಿರುಗುವಾಗಲೂ ಆ ಕೈ ಮೇಲೆಯೇ ಇತ್ತು.

ಹುಬ್ಬಳ್ಳಿಗೆ ಬಂದು ಎರಡು ಫೋಟೊಗಳನ್ನು ಬಾಗಿಲಗಲ ಪ್ರಿಂಟ್ ಹಾಕಿಸಿದೆ. ಅಲುಗದ್ದು ಆಯಿಗೆ. ಕೈ ಎತ್ತಿ ಕೆಡಿಸಿದ್ದು ಅಜ್ಜನನ್ನು ಕಾಡಿಸಲಿಕ್ಕೆ. ಬೇವಿನ ಎಸಳನ್ನು ಆಯಿಯ ಕೈಗಿಟ್ಟು, ಒಳ್ಳೆಯದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆಕೆ ಮುಖ ಓರೆ ಮಾಡಿ, ಕಣ್ಣಿನ ಅಂಚಿನಿಂದ ಬಹಳ ಹೊತ್ತು ನೋಡಿದಳು.

“ಗಿಡಾ ನಮ್ಮದ. ಎಡಕ್ಕ ಬಾಗಿದ ಟೊಂಗಿ ಇನ್ನೂ ಐತಿ.” ಬೆರಳು ಕೆಳಗಿಳಿಯಿತು. “ಇದೇನೋ ಬುಡಕ? ಕಂಬಕ್ಕ ರುಮಾಲ ಸುತ್ತೀಯೇನು?”

“ನಿನ್ನ ತಮ್ಮಬೇ ಆಯಿ.”

“ಇಂವ ಅಲ್ಲ ಬಿಡು. ನಮ್ಮ ಬಸ್ಯಾ ಹಿಂಗ ಕುಂದ್ರಾಂವಲ್ಲ.”

ಒಂದು ವರ್ಷದ ನನ್ನ ಹುಚ್ಚೆಲ್ಲ ಆ ಒಂದು ಮಾತಿಗೆ ಮುದುಡಿತು. ಬೇರೇನೂ ತೋಚದೆ ಕೆಟ್ಟ ಫೋಟೊವನ್ನು ಎತ್ತಿ ಹಿಡಿದೆ. ಕಪ್ಪು ಬೊಡ್ಡೆಯ ಮೇಲೆ ಅಜ್ಜನ ಕೈ ಬಿಳಿ ಬೀಸಣಿಗೆಯಂತೆ ಹರಡಿತ್ತು. ಆಯಿಯ ಬೆರಳು ನೇರ ಅಲ್ಲಿಗೇ ಹೋಯಿತು.

“ಅಗದಿ ಇವನ! ಯಾರನ್ನೋ ಚಾಕ್ಕ ಕರ್ಯಾಕತ್ತಾನ ನೋಡು.”

ನನಗೆ ತಡೆಯಲಾಗಲಿಲ್ಲ. ಅಜ್ಜನ ಗಂಟಲಿನಲ್ಲಿ, “ಅಕ್ಕಾ, ಬಾ, ಚಾ ಕುಡದ ಹೋಗು,” ಎಂದೆ.

ಬೈಯುತ್ತಾಳೆಂದುಕೊಂಡೆ. ಆಯಿ ಸೆರಗು ಸರಿಮಾಡಿಕೊಂಡು, ಆ ಬಿಳಿ ಕೈಯ ಮೇಲೆ ತನ್ನ ಕೈ ಇಟ್ಟು, “ಈಗರ ಆತಪಾ,” ಎಂದಳು. “ಮತ್ತ ಬರ್ತೇನಿ.”