ಎಲೆ ಚಾಚಾ ಆರಿಸಿಕೊಟ್ಟ ಕಂಪ್ಯೂಟರು

ನಾನು ಶಾಲೆ ಬಿಟ್ಟದ್ದು ೧೯೯೮ರಲ್ಲಿ, ಒಂಬತ್ತನೇ ಇಯತ್ತೆಯ ನಡುವೆ. ಅಂದಿನಿಂದ ಕಣ್ಣಾರೆ ನೋಡದೆ, ಕೈಯಾರೆ ಮುಟ್ಟದೆ ಯಾವ ಮಾಲನ್ನೂ ಕೊಂಡವನಲ್ಲ. ಯಾರ ಮಾತನ್ನೂ ಇದ್ದ ಹಾಗೇ ನುಂಗಿದವನಲ್ಲ. ಓದಿದವನಿಗೆ ಮೋಸವಾದರೆ ಮಂದಿ ಅಯ್ಯೋ ಪಾಪ ಅನ್ನುತ್ತಾರೆ. ಓದದವನಿಗೆ ಮೋಸವಾದರೆ ನಗುತ್ತಾರೆ. ಇಷ್ಟನ್ನು ಕಲಿಯಲು ನನಗೆ ಹತ್ತನೇ ಇಯತ್ತೆ ಬೇಕಾಗಲಿಲ್ಲ.

ಮೊನ್ನೆ ಮಳೆ ಹಿಡಿದ ದಿನ ನನ್ನ ವಿಡಿಯೋ ಸ್ಟುಡಿಯೋದ ಅಟ್ಟದಿಂದ ಕಂಪ್ಯೂಟರಿನ ಪೆಟ್ಟಿಗೆ ಇಳಿಸಿದೆ. ಯಂತ್ರದ ಒಳಗಿನ ಫ್ಯಾನು ಸದ್ದು ಮಾಡಹತ್ತಿತ್ತು, ಹುಬ್ಬಳ್ಳಿಗೆ ದುರಸ್ತಿಗೆ ಒಯ್ಯಬೇಕಿತ್ತು. ಪೆಟ್ಟಿಗೆ ತೆರೆದರೆ, ಇಲ್ಲಿಯ ಪ್ಲಗ್ಗಿಗೆ ಹೊಂದದೆ ಬಳಸದೇ ಬಿಟ್ಟಿದ್ದ ಚಾರ್ಜರಿನ ವೈರಿಗೆ ಒಂದು ಬಾಳೆನಾರಿನ ಉಂಗುರ ಸಿಕ್ಕಿಕೊಂಡು ಕುಳಿತಿತ್ತು. ಗಂಟು ಹಾಕಿದ ಹಾಗೇ ಇತ್ತು. ತೇವಕ್ಕೆ ಮೆತ್ತಗಾಗಿತ್ತು, ಮೂಗಿಗೆ ಹಿಡಿದರೆ ವೀಳ್ಯದೆಲೆಯ ಹಸಿ ಖಾರದ ವಾಸನೆ... ಇಷ್ಟು ವರ್ಷದ ಮೇಲೂ ವಾಸನೆ ಉಳಿದಿತ್ತೋ, ನನ್ನ ಮೂಗೇ ನನಗೆ ಸುಳ್ಳು ಹೇಳಿತೋ. ಅದನ್ನೂ ನಾನು ಪೂರ್ತಿ ನಂಬುವುದಿಲ್ಲ.

ಆ ಗಂಟು ಹಾಕಿದವರು ಸವಣೂರಿನ ಎಲೆ ವ್ಯಾಪಾರಿ. ನಮ್ಮ ಅಕ್ಕಿಆಲೂರಿನ ಸಂತೆಗೂ, ಅತ್ತ ಹಂಸಭಾವಿ, ಚಿಕ್ಕೇರೂರಿಗೂ ಅವರೇ ಎಲೆ ತರುತ್ತಿದ್ದರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ಎಲೆ ಚಾಚಾ. ಬಿಳಿ ಗಡ್ಡ, ಹೆಗಲಿಗೆ ಚೌಕಳಿ ವಸ್ತ್ರ, ಅಂಗಿಯ ಕಿಸೆಯಲ್ಲಿ ಸದಾ ನಾಲ್ಕಾರು ಎಳೆ ಬಾಳೆನಾರು. ಎಲೆಯ ಪೆಂಡಿಯನ್ನು ಬಾಳೆಪಟ್ಟಿಯಲ್ಲಿ ಸುತ್ತಿ ಆ ನಾರಿನಿಂದಲೇ ಕಟ್ಟುತ್ತಿದ್ದರು.

ಎಲೆಯ ವ್ಯಾಪಾರಕ್ಕೆ ಒಂದು ರೀತಿ ಇದೆ. ತೋಟದವ ಪೆಂಡಿಯ ಮೇಲೆ ಚೆಂದದ ಎಲೆ ಇಡುತ್ತಾನೆ, ನಡುವೆ ಬಿಸಿ ಹಿಡಿದು ಕಪ್ಪಾದದ್ದನ್ನು ತುರುಕುತ್ತಾನೆ. ಆದ್ದರಿಂದ ಕೊಳ್ಳುವವನು ಮೇಲಿನ ಪೆಂಡಿ ಮುಟ್ಟದೆ ರಾಶಿಯ ನಡುವಿನದನ್ನು ಎಳೆದು, ಗಂಟು ಬಿಚ್ಚಿ, ಒಳಗೆ ಕೈ ಹಾಕಿ ನೋಡಬೇಕು. ಮಾರುವವನು ಸಿಟ್ಟಾಗುವ ಹಾಗಿಲ್ಲ. ಆದರೆ ವರ್ಷಗಟ್ಟಲೆ ಎಲೆ ಒಯ್ಯುವ ಗಿರಾಕಿ ಮಾತ್ರ ಗಂಟು ಬಿಚ್ಚದೆ ಹಾಗೇ ಬಗಲಿಗೆ ಹಾಕಿಕೊಂಡು ಹೋಗುತ್ತಾನೆ. ಅದು ಅವರಿಬ್ಬರ ನಡುವಿನ ಮರ್ಯಾದೆ. ನಾನು ಚಾಚಾರ ಬಳಿ ಎಲೆ ಒಯ್ಯುತ್ತಿದ್ದುದು ಹಾಗೆಯೇ, ಗಂಟು ಬಿಚ್ಚದೆ. ನಾನು ಬಿಚ್ಚದೆ ಕೊಂಡದ್ದು ಲೋಕದಲ್ಲಿ ಅದೊಂದೇ.

ಕೊರೊನಾ ಕಳೆದ ಮೇಲೆ ಚಾಚಾರ ತಂಗಿಯ ಮಗಳ ಮದುವೆ ಶಾರ್ಜಾದಲ್ಲಿ ನಿಶ್ಚಯವಾಯಿತು. ಹುಡುಗಿಯ ತಂದೆ ಅಲ್ಲೇ ನೆಲೆಸಿದವರು. ಹಿರಿಯ ಮಗಳ ಮದುವೆಯ ವಿಡಿಯೋ ಸವಣೂರಿನಲ್ಲಿ ನಾನೇ ತೆಗೆದಿದ್ದೆ. ಇದಕ್ಕೂ ಅವನೇ ಬೇಕು ಎಂದು ಟಿಕೆಟ್ ಕಳಿಸಿದರು. ವಿಮಾನದಲ್ಲಿ ನನಗೆ ಜೊತೆ ಎಲೆ ಚಾಚಾ. ಇಬ್ಬರಿಗೂ ಅದು ಮೊದಲ ವಿದೇಶ.

ನನಗೆ ಅಲ್ಲಿ ಇನ್ನೊಂದು ಕೆಲಸವೂ ಇತ್ತು. ನನ್ನ ಹಳೆಯ ಕಂಪ್ಯೂಟರು ಸಾಯಲು ಬಂದಿತ್ತು. ಒಂದು ಮದುವೆಯ ಹಾಡು ಕೂಡಿಸುವಷ್ಟರಲ್ಲಿ ಅದು ಎರಡು ಸಲ ಕಣ್ಣು ಮುಚ್ಚುತ್ತಿತ್ತು. ಎದುರಿನ ಸ್ಟುಡಿಯೋದವನು ಹೊಸದು ತಂದಿದ್ದ, ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟುತ್ತಿದ್ದರು. ಮದುವೆಯ ವಿಡಿಯೋಕ್ಕೆ ಈಗ ಬೇಕಾದದ್ದು ಗೇಮಿಂಗ್ ಕಂಪ್ಯೂಟರೇ. ಆಟದಲ್ಲಿ ಚಿತ್ರ ಓಡಿಸಲು ಬೇಕಾದ ಕಸುವೇ ನಮ್ಮ ಕೆಲಸಕ್ಕೂ ಬೇಕು. ಅದರಲ್ಲೂ ಮೇಲ್ತರಗತಿಯದು. ಶಾರ್ಜಾದಲ್ಲಿ ಅಗ್ಗವೆಂದು ಕೇಳಿದ್ದೆ. ಬಳಸಿದ ಮಾಲನ್ನು ಒರೆಸಿ ಹೊಸ ಪೆಟ್ಟಿಗೆಗೆ ಹಾಕಿ ಕೊಡುತ್ತಾರೆಂದೂ ಕೇಳಿದ್ದೆ. ಎರಡು ಹಂಗಾಮಿನ ದುಡಿಮೆಯೆಲ್ಲ ನನ್ನ ಸೊಂಟದ ಪಟ್ಟಿಯಲ್ಲಿತ್ತು. ಅದು ತಪ್ಪಿದರೆ ಅಂಗಡಿಯ ಬಾಗಿಲು ಎಳೆಯುವುದೊಂದೇ ಉಳಿಯುತ್ತಿತ್ತು.

ಮದುವೆ ಮುಗಿದ ಮರುದಿನ ಹೊರಟೆ. ಚಾಚಾ ತಾವೂ ಬರುತ್ತೇನೆಂದರು. ಕಂಪ್ಯೂಟರಿನ ಕೀಲಿ ಎಲ್ಲಿ ಒತ್ತಬೇಕೆಂದು ತಿಳಿಯದ ಮನುಷ್ಯನಿಗೆ ಇಷ್ಟು ಉಮೇದಿ ಯಾಕೆ ಎಂದು ನನಗೆ ಆಗಲೇ ಅನುಮಾನ ಹತ್ತಿತು. ಗಿರಾಕಿ ತಂದವನಿಗೆ ದಲಾಲಿ ಸಿಗುವುದು ಎಲ್ಲ ಊರಿನ ಪದ್ಧತಿ.

ಅಂಗಡಿಯಲ್ಲಿ ನಮ್ಮ ಮಾತು ಕೇಳಿ ಒಬ್ಬ ಕೆಲಸದ ಹುಡುಗ ಓಡಿ ಬಂದ. ಇಪ್ಪತ್ತೈದರ ಆಚೀಚೆ ಇದ್ದಾನು.

“ಯಾವೂರ್ರಿ ನೀವು? ನಂದು ಶಿಗ್ಗಾವಿರಿ.”

ಪರದೇಶದಲ್ಲಿ ನಮ್ಮೂರಿನ ಮಾತಾಡಿ ಹತ್ತಿರ ಬರುವವನ ಮುಂದೆ ಕಿಸೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನಾನು ಸೊಂಟದ ಪಟ್ಟಿ ಮುಟ್ಟಿ ನೋಡಿಕೊಂಡೆ. ಉತ್ತರ ಚಾಚಾ ಕೊಟ್ಟರು, ಯಾರ ಓಣಿ, ಯಾರ ಬೀಗರು ಎಂದು ಅಲ್ಲೇ ನಿಂತು ಗೋತ್ರವನ್ನೆಲ್ಲ ಬಿಚ್ಚಿದರು. ಹುಡುಗ ಒಳಗಿನಿಂದ ನಾನು ಕೇಳಿದ ಲ್ಯಾಪ್‌ಟಾಪಿನ ಪೆಟ್ಟಿಗೆಗಳ ರಾಶಿಯನ್ನೇ ಗಾಡಿಯ ಮೇಲೆ ತಳ್ಳಿಕೊಂಡು ಬಂದ. ಮೇಲಿನ ಪೆಟ್ಟಿಗೆಯನ್ನು ನನ್ನ ಮುಂದಿಟ್ಟ.

“ಮ್ಯಾಲಿಂದು ಬ್ಯಾಡ,” ಅಂದರು ಚಾಚಾ. “ನಡುವಿಂದು ಎಳಿ.”

“ಎಲ್ಲಾ ಒಂದ ಅದಾವ್ರಿ ಚಾಚಾ. ಮ್ಯಾಲಿಂದ ಚಲೋ. ನಡುವಿನವಕ್ಕ ಕೀಬೋರ್ಡಿನ ಮ್ಯಾಲ ಅರಬ್ಬಿ ಅಕ್ಷರನೂ ಅದಾವು.”

“ಅಕ್ಷರ ಇದ್ರ ಇರಲಿ. ಒಳಗ ಕೊಳತದ್ದು ಇರಬಾರದು.”

“ಇದೇನು ಎಲಿ ಪೆಂಡಿ ಏನ್ರಿ, ಕೊಳ್ಯಾಕ?”

“ಪೆಂಡಿ ಕಟ್ಟವ್ರೂ ಹಿಂಗ ಅಂತಾರ, ತಮ್ಮಾ.”

ಹುಡುಗ ನಕ್ಕ. ನಾನು ನಗಲಿಲ್ಲ. ಮೇಲಿನದನ್ನೇ ಕೊಡಲು ಅವನಿಗೇಕೆ ಅಷ್ಟು ಅವಸರ ಎಂದು ನನಗೂ ಅನ್ನಿಸಿತ್ತು. ನಡುವಿನದನ್ನು ತೆಗೆಸಿದೆವು. ನಾನು ಮುದ್ರೆ ನೋಡಿದೆ, ನಂಬರು ತಾಳೆ ನೋಡಿದೆ, ಶುರು ಮಾಡಿಸಿ ಒಂದು ಮದುವೆಯ ವಿಡಿಯೋ ಹಾಕಿ ಓಡಿಸಿದೆ. ಚಾಚಾ ಅಷ್ಟೂ ಹೊತ್ತು ಅದರ ತಳಕ್ಕೆ ಕೈಯ ಹಿಂಬದಿ ಹಚ್ಚಿ, ಪೆಂಡಿಯ ಬಿಸಿ ನೋಡುವ ಹಾಗೆ ಕಣ್ಣು ಮುಚ್ಚಿ ನಿಂತಿದ್ದರು. ಕೀಬೋರ್ಡಿನ ಕೆಳಗೆ ಕೆಂಪು ನೀಲಿ ದೀಪ ಹರಿದಾಡಿದವು. ರೊಕ್ಕ ಎಣಿಸಿ ಕೊಟ್ಟೆ. ಉದ್ದನೆಯ ಚಾರ್ಜರಿನ ವೈರನ್ನು ಚಾಚಾ ತಾವೇ ಸುರುಳಿ ಸುತ್ತಿ, ಕಿಸೆಯಿಂದ ಬಾಳೆನಾರು ತೆಗೆದು ಕಟ್ಟಿದರು.

ಹೊರಬರುವಾಗ ತಿರುಗಿ ನೋಡಿದೆ. ಬಾಗಿಲ ಬಳಿ ಆ ಹುಡುಗ ಚಾಚಾರ ಕೈಗೆ ಏನೋ ಒತ್ತುತ್ತಿದ್ದ. ಬಟ್ಟೆಯಲ್ಲಿ ಹೊಲಿದ, ಮುಷ್ಟಿಗಿಂತ ತುಸು ದೊಡ್ಡ ಪೊಟ್ಟಣ. ಚಾಚಾ ಅದನ್ನು ಅಂಗಿಯೊಳಗೆ ಇಳಿಸಿದರು. ಇದೇ ದಲಾಲಿ ಅಂದುಕೊಂಡೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವರು ಮಾತಾಡುತ್ತಿದ್ದರು, ನಾನು ಪೆಟ್ಟಿಗೆ ಎದೆಗೆ ಅವಚಿಕೊಂಡು ಹೂಂ ಅನ್ನುತ್ತಿದ್ದೆ.

ಮರಳುವ ದಿನ ವಿಮಾನ ನಿಲ್ದಾಣದಲ್ಲಿ ಚಾಚಾ ಆ ಪೊಟ್ಟಣವನ್ನು ಹೊರಗೆ ತೆಗೆದರು.

“ತಮ್ಮಾ, ಇದೊಂದು ನಿನ್ನ ಕಂಪ್ಯೂಟರ್ ಚೀಲದಾಗ ಇಟ್ಕೊ. ನನ್ನ ಕೈಚೀಲದ ಬಾಯಿ ಹರದೈತಿ.”

“ಏನೈತ್ರಿ ಅದರಾಗ?”

“ಅಂಗಡಿ ಹುಡುಗನ ಅಮಾನತ್ತು, ನಂಬಿ ಕೈಗೆ ಕೊಟ್ಟಾನ. ಶಿಗ್ಗಾವಿಯೊಳಗ ಅವನ ಮನೀಗೆ ಮುಟ್ಟಿಸಬೇಕು.”

“ಅದಲ್ರಿ. ಒಳಗ ಏನೈತಿ?”

“ನಾ ಕೇಳಿಲ್ಲ. ಬಿಚ್ಚಿಲ್ಲ. ಬಿಚ್ಚಬ್ಯಾಡ್ರಿ ಅಂದಾನ.”

ನಾನು ಚೀಲವನ್ನು ಹಿಂದಕ್ಕೆ ಎಳೆದುಕೊಂಡೆ. ಯಾರದೋ ಪೊಟ್ಟಣ ಹೊತ್ತು, ಒಳಗೆ ಚಿನ್ನ ಸಿಕ್ಕು, ಇದ್ದಬದ್ದದ್ದನ್ನೆಲ್ಲ ಕಳೆದುಕೊಂಡವರ ಸುದ್ದಿ ನಮ್ಮ ಕಡೆ ಬೇಕಾದಷ್ಟಿವೆ. ಆ ಚೀಲದಲ್ಲಿ ನನ್ನ ಅಂಗಡಿಯೇ ಇತ್ತು.

“ಚಾಚಾ, ಮುದ್ರಿ ಒತ್ತಿದ ಹೊಸಾ ಪೆಟಿಗಿ ನೀವು ನಂಬಲಿಲ್ಲ. ನಡುವಿಂದು ತಗಸಿದ್ರಿ. ಇದನ್ನ ನಾ ಹ್ಯಾಂಗ ನಂಬಲಿ? ಬಿಚ್ಚಿ ತೋರಸ್ರಿ, ಇಟ್ಕೊಂತೇನಿ.”

“ಅದು ರೊಕ್ಕಾ ಕೊಟ್ಟು ಕೊಳ್ಳೂ ಮಾಲು, ತಮ್ಮಾ. ಬಿಚ್ಚಿ ನೋಡಬೇಕು. ಇದು ಅಮಾನತ್ತು. ಬಿಚ್ಚಿದ್ರ ಅದರಾಗ ಏನೂ ಉಳಿಯೂದಿಲ್ಲ.”

“ಹಂಗಾದ್ರ ನಿಮ್ಮ ಹತ್ರನ ಇರಲಿ.”

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಸಂತೆಯಲ್ಲಿ ಪೆಂಡಿ ಬೇಡವೆಂದ ಗಿರಾಕಿಯನ್ನು ನೋಡುವ ಹಾಗೆ ನೋಡಿ, ಪೊಟ್ಟಣವನ್ನು ಬಾಯಿ ಹರಿದ ಚೀಲಕ್ಕೆ ಹಾಕಿ, ಮೇಲೆ ಟವೆಲ್ಲು ತುರುಕಿದರು.

ಗೋವಾದಲ್ಲಿ ಇಳಿದೆವು. ನನ್ನ ಚೀಲ ಯಂತ್ರದೊಳಗೆ ಹಾದು ಬಂತು. ಸ್ವಂತಕ್ಕೋ ಎಂದು ಕೇಳಿದರು, ಹೌದೆಂದೆ, ಬಿಟ್ಟರು. ಚಾಚಾರ ಕೈಚೀಲಕ್ಕೆ ತಪಾಸಣೆಯ ಸೀಮೆಸುಣ್ಣದ ಗೀಟು ಬಿತ್ತು. ಮೇಜಿನ ಮೇಲೆ ಟವೆಲ್ಲು, ಖರ್ಜೂರ, ಮಾತ್ರೆ ಎಲ್ಲ ಹೊರಗೆ ಬಂದವು. ಸುಂಕದ ಅಧಿಕಾರಿ ಹೆಣ್ಣುಮಗಳು ಪೊಟ್ಟಣದ ಹೊಲಿಗೆಗೆ ಕತ್ತರಿ ಹಾಕಿದಳು. ನಾನು ತಪಾಸಣೆಯ ಮೇಜಿನ ಆಚೆ ನನ್ನ ಚೀಲ ಹಿಡಿದುಕೊಂಡು ನಿಂತಿದ್ದೆ.

ಒಳಗೆ ಗುಲಾಬಿ ಬಣ್ಣದ ಒಂದು ಗೇಣುದ್ದದ ಫ್ರಾಕು. ಅದರ ಮಡಿಕೆಯಲ್ಲಿ ಪುಟ್ಟ ಡಬ್ಬಿ. ಡಬ್ಬಿಯಲ್ಲಿ ಎರಡು ಕಿವಿಯೋಲೆ, ಸಾಸಿವೆ ಹೂವಿನಷ್ಟು. ಚಿನ್ನದವು. ನನ್ನ ಅನುಮಾನ ಸುಳ್ಳಾಗಲಿಲ್ಲ, ಚಿನ್ನ ಇತ್ತು... ಅಧಿಕಾರಿ ಅವನ್ನು ಅಂಗೈಯಲ್ಲಿಟ್ಟು ನಕ್ಕಳು. ಮೊಮ್ಮಗಳಿಗೋ ಎಂದು ಹಿಂದಿಯಲ್ಲಿ ಕೇಳಿ ತಿರುಗಿ ಕೊಟ್ಟಳು.

ಆದರೆ ಚಾಚಾ ಅತ್ತ ನೋಡುತ್ತಲೇ ಇರಲಿಲ್ಲ. ಕತ್ತರಿ ಕಂಡ ಕೂಡಲೇ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದರು. ಹಾಗೆ ತಿರುಗಿಕೊಂಡೇ ಕೈಯಾಡಿಸಿ ಫ್ರಾಕು ಮಡಿಚಿದರು, ಹರಿದ ಬಟ್ಟೆಯಲ್ಲಿ ಸುತ್ತಿದರು, ಕಿಸೆಯಿಂದ ಉಳಿದ ನಾರು ತೆಗೆದು ಕಟ್ಟಿದರು. ಎಲೆ ಕಟ್ಟಿ ಕಟ್ಟಿ ಪಳಗಿದ ಬೆರಳು, ಕಣ್ಣು ಬೇಕಾಗಲಿಲ್ಲ.

ಹುಬ್ಬಳ್ಳಿಯ ಬಸ್ಸಿನಲ್ಲಿ ಚಾಚಾ ಹೇಳಿದರು. ಅಂಗಡಿಯ ಹುಡುಗ ಶಾರ್ಜಾಕ್ಕೆ ಹೊರಟು ಹೋದ ಮೇಲೆ ಹುಟ್ಟಿದ ಮಗಳಂತೆ. ಅವನು ಅದರ ಮುಖ ಕಂಡದ್ದು ಮೊಬೈಲಿನಲ್ಲಿ ಮಾತ್ರ. “ತಾಯಿ ಕಣ್ಣ ಮೊದಲ ಬೀಳಬೇಕು, ಮಂದಿ ನಜರ್ ತಾಗಬಾರದು ಅಂದಿದ್ದ. ಏನು, ಎತ್ತ ನಾ ಕೇಳಲಿಲ್ಲ. ನಾಲ್ಕು ಮಂದಿ ನೋಡಿದ್ರು. ನಾನರ ನೋಡೂದು ಬ್ಯಾಡ ಅಂತ ಬಿಟ್ಟೆ.”

“ನಾ ಅದನ್ನ ದಲಾಲಿ ಅಂದ್ಕೊಂಡಿದ್ದೆ,” ಅಂದೆ.

“ದಲಾಲಿನೂ ಕೊಡಾಕ ಬಂದಿದ್ರು. ಅದನ್ನ ನಿನ್ನ ರೇಟಿನಾಗ ಮುರಕೋರಿ ಅಂದೆ.” ಹರಿದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, “ನೀ ಮಾಡಿದ್ದು ಬರೋಬ್ಬರಿ ಐತಿ, ತಮ್ಮಾ. ನಿನ್ನ ಹೊಟ್ಟಿಪಾಡು ಆ ಚೀಲದಾಗ ಇತ್ತು,” ಅಂದರು.

ರೇಟಿನಲ್ಲಿ ಮುರಿದರೋ ಇಲ್ಲವೋ, ಇಂದಿಗೂ ನನಗೆ ಖಾತ್ರಿಯಿಲ್ಲ. ಆದರೆ ಪೊಟ್ಟಣ ಬೇಡವೆಂದದ್ದರ ಬಗ್ಗೆ ನನಗೆ ಎರಡನೇ ಯೋಚನೆ ಇಲ್ಲ. ನಾಳೆ ಯಾರಾದರೂ ಕೊಟ್ಟರೂ ಬೇಡ ಅನ್ನುತ್ತೇನೆ.

ಚಾಚಾ ಮರುದಿನವೇ ಶಿಗ್ಗಾವಿಗೆ ಹೋಗಿ, ನಡುವೆ ಬಿಚ್ಚಲಾಯಿತು ಎಂದು ಬಾಯಿಬಿಟ್ಟು ಹೇಳಿಯೇ ಕೊಟ್ಟು ಬಂದರಂತೆ. ಕೂಸಿನ ತಾಯಿ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿ, ಓಲೆ ತೊಡಿಸಿ, ಇವರಿಗೆ ಚಹಾ ಕೊಟ್ಟಳಂತೆ. ಅಲ್ಲಿಗೆ ಮುಗಿಯಿತು.

ಕಂಪ್ಯೂಟರು ಮಾತ್ರ ಕುದುರೆ. ಹಳೆಯದು ಒಂದು ದಿನ ತಿನ್ನುತ್ತಿದ್ದ ಕೆಲಸವನ್ನು ಇದು ಊಟ ಮಾಡಿ ಬರುವಷ್ಟರಲ್ಲಿ ಮುಗಿಸಿತು. ರಸ್ತೆ ದಾಟಿದ ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಕೀಲಿಗಳ ಮೇಲಿನ ಅರಬ್ಬಿ ಅಕ್ಷರ ನೋಡಿ “ಸ್ಟುಡಿಯೋದಾವ ಎಡಕ್ಕ ಬರಿಯೂದು ಕಲತಾನ” ಎಂದು ಎದುರಿನವನು ಆಡಿಕೊಂಡ. ಆಡಿಕೊಳ್ಳಲಿ. ಒಳಗೆ ಕೊಳೆತದ್ದಿರಲಿಲ್ಲ.

ಆ ಮೇಲಿನ ಮಂಗಳವಾರ ಸಂತೆಗೆ ಹೋದೆ. ನನ್ನ ಮುಂದಿನವರಿಗೆ ಚಾಚಾ ಕಟ್ಟಿದ ಪೆಂಡಿ ಎತ್ತಿ ಕೊಟ್ಟರು. ನನ್ನ ಸರದಿ ಬಂದಾಗ ನಾರು ಜಗ್ಗಿ ಗಂಟು ಬಿಚ್ಚಿದರು. ಬಾಳೆಪಟ್ಟಿ ಅಗಲಿಸಿ, ನಡುವಿನ ಎಲೆಗಳನ್ನು ಮಗುಚಿ ತೋರಿಸಿದರು. “ನೋಡ್ಕೊ ತಮ್ಮಾ.”

ಒಂದು ಸಲವಾದರೆ ಮರೆತಿದ್ದಾರೆ ಅನ್ನಬಹುದಿತ್ತು. ಪ್ರತಿ ವಾರವೂ ಹಾಗೇ. ನಗುತ್ತಲೇ ಮಾತಾಡುತ್ತಿದ್ದರು, ಕಂಪ್ಯೂಟರಿನ ಆರೋಗ್ಯ ವಿಚಾರಿಸುತ್ತಿದ್ದರು, ಒಂದೆರಡು ಎಲೆ ಹೆಚ್ಚೇ ಇಡುತ್ತಿದ್ದರು. ಆದರೆ ಬಿಚ್ಚದೆ ಕೊಡಲಿಲ್ಲ. ಒಮ್ಮೆ ತಡೆಯದೆ ಅಂದೆ, “ಕಟ್ಟಿದ್ದ ಕೊಡ್ರಿ ಚಾಚಾ. ನಾ ಯಾವಾಗರ ಬಿಚ್ಚಿ ನೋಡೇನೇನು?”

“ಇರಲಿ ತಗೋ,” ಅಂದರು. “ನಿನಗ ಬಿಚ್ಚಿದ್ದ ಚಲೋ.”

ಏಟು ಕೊಟ್ಟರೋ, ನನ್ನ ಗುಣ ತಿಳಿದು ಅನುಕೂಲ ಮಾಡಿಕೊಟ್ಟರೋ... ಎಷ್ಟೋ ಸಲ ಆ ಮುಖವನ್ನು ನೆನಪಿಗೆ ತಂದುಕೊಂಡು ಹುಡುಕಿದ್ದೇನೆ. ಕ್ಯಾಮೆರಾ ಹಿಡಿದು ಇಷ್ಟು ಮಂದಿಯ ಮುಖ ಓದಿದವನಿಗೆ ಅದೊಂದು ಮುಖ ಸಿಗಲಿಲ್ಲ.

ಹೋದ ಬೇಸಿಗೆಯಲ್ಲಿ ಚಾಚಾ ತೀರಿಕೊಂಡರು. ಸವಣೂರಿಗೆ ಹೋಗಿ ಮಣ್ಣು ಕೊಟ್ಟು ಬಂದೆ. ಅವರು ಕೂರುತ್ತಿದ್ದ ಜಾಗದಲ್ಲಿ ಈಗ ಬೇರೊಬ್ಬರು ಎಲೆ ಮಾರುತ್ತಾರೆ. ನನ್ನ ಗುಣ ಗೊತ್ತಿಲ್ಲದ್ದರಿಂದ ಕಟ್ಟಿದ ಪೆಂಡಿಯನ್ನೇ ಎತ್ತಿ ಕೊಡುತ್ತಾರೆ. ನಾನು ಅಲ್ಲೇ ನಿಂತು ಬಿಚ್ಚಿ ನೋಡುತ್ತೇನೆ. ನಡುವೆ ಕಪ್ಪಾದದ್ದು ನಾಲ್ಕಾದರೂ ಸಿಗುತ್ತವೆ.

ಫ್ಯಾನು ದುರಸ್ತಿಯಾಗಿ ಬಂದಿದೆ. ಬಾಳೆನಾರಿನ ಉಂಗುರವನ್ನು ವೈರಿನಿಂದ ಮೆಲ್ಲಗೆ ಜಾರಿಸಿ ತೆಗೆದು, ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಈಗ ನನಗಿರುವುದು ಸ್ವಂತ ಅಂಗಡಿ ಒಂದು, ಕ್ಯಾಮೆರಾ ಮೂರು, ಅರಬ್ಬಿ ಅಕ್ಷರದ ಕಂಪ್ಯೂಟರು ಒಂದು. ಮೋಸ ಹೋದದ್ದು ಒಂದೂ ಇಲ್ಲ. ಬಿಚ್ಚದೆ ಉಳಿದ ಗಂಟು ಒಂದು.